ಬುಟ್ಟಿ ಬಿಟ್ಟು ಅತ್ತ ತಿರುಗಿದ ಕ್ಯಾಮೆರಾ

ಫೋಟೋ ತೆಗೆಯುವವರು ವೇದಿಕೆ ಹತ್ತಿ ಮೈಕಿನ ಮುಂದೆ ನಿಂತರೆ ಒಂದು ಮಾತನ್ನು ಹೇಳಿಯೇ ಹೇಳುತ್ತಾರೆ: ‘ನಾವು ವಸ್ತುವನ್ನು ಆರಿಸುವುದಿಲ್ಲ, ವಸ್ತುವೇ ನಮ್ಮನ್ನು ಕರೆಯುತ್ತದೆ.’ ಇದನ್ನು ನಾನು ಸಾಗರದಲ್ಲೂ ಕೇಳಿದ್ದೇನೆ, ತೀರ್ಥಹಳ್ಳಿಯಲ್ಲೂ ಕೇಳಿದ್ದೇನೆ. ಕೇಳಿದಾಗಲೆಲ್ಲ ಹಿಂದಿನ ಸಾಲಿನಲ್ಲಿ ಕೂತು ನಕ್ಕಿದ್ದೇನೆ. ಹೊಸನಗರದಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಮದುವೆ, ಗೃಹಪ್ರವೇಶ, ನಾಮಕರಣ, ಶಾಲೆಯ ಗ್ರೂಪ್ ಫೋಟೋ, ಪಾಸ್‌ಪೋರ್ಟ್ ಸೈಜು, ಇವೇ ನನ್ನ ವಸ್ತುಗಳು. ಅವು ನನ್ನನ್ನು ಕರೆಯುವುದೇನೋ ನಿಜ, ಆದರೆ ಫೋನ್ ಮಾಡಿ ಕರೆಯುತ್ತವೆ.

ಚಿತ್ರ ಆರಿಸುವುದು ಕೈಕಸುಬಿನ ಮಾತು ಎಂದು ನಾನು ತಿಳಿದಿದ್ದೆ. ಬೆಳಕು ಯಾವ ಕಡೆಯಿಂದ ಬರುತ್ತಿದೆ, ಯಾರ ಮುಖ ಮಾತಾಡುವಾಗ ಅರಳುತ್ತದೆ, ಮದುಮಗಳ ಹಿಂದೆ ನೀಲಿ ಬಕೆಟ್ಟು ಇದೆಯೋ ಇಲ್ಲವೋ, ಇಷ್ಟು ನೋಡಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. ಇನ್ನರ್ಧ ತಾಳ್ಮೆ. ಇವತ್ತು ಯಾವ ವಸ್ತುವೂ ಕರೆಯಲಿಲ್ಲ ಎಂದು ಕ್ಯಾಮೆರಾ ಚೀಲಕ್ಕೆ ಹಾಕಿಕೊಂಡು ಹೊರಡುವವರನ್ನು ಕಂಡರೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ನೆನಪಾಗುತ್ತಿತ್ತು. ದೆವ್ವ, ಶಕುನ, ಮುನ್ಸೂಚನೆ ಇವುಗಳ ವಿಷಯದಲ್ಲೂ ನನ್ನದು ಇದೇ ಧೋರಣೆ. ಬೆಕ್ಕು ಅಡ್ಡ ಬಂದರೆ ನಾನೂ ಸ್ಕೂಟರ್ ನಿಲ್ಲಿಸುತ್ತೇನೆ, ಪಾಪ ಬೆಕ್ಕು ಸಾಯಬಾರದಲ್ಲ ಎಂದು. ಇಂಥವಳಿಗೆ ಒಂದು ಬೆಳಗ್ಗೆ ಹೀಗಾಯಿತು. ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಕಡೆಯ ಫೋಟೋಗ್ರಾಫರ್‌ಗಳೆಲ್ಲ ಸೇರಿ ತೀರ್ಥಹಳ್ಳಿಯಲ್ಲಿ ಒಂದು ಪ್ರದರ್ಶನ ಇಡುವುದೆಂದು ತೀರ್ಮಾನವಾಗಿತ್ತು. ಮಲೆನಾಡಿನ ಹಬ್ಬಗಳು ಎಂಬುದು ವಿಷಯ. ಅಷ್ಟು ವರ್ಷ ಫೋಟೋ ತೆಗೆದು ಹೊಟ್ಟೆ ಹೊರೆದವಳು ನಾನು, ಆದರೆ ನನ್ನ ಹೆಸರು ಬರೆದು ಗೋಡೆಗೆ ನೇತುಹಾಕುವಂಥ ಒಂದು ಚಿತ್ರವೂ ನನ್ನ ಬಳಿ ಇರಲಿಲ್ಲ. ಇರುವುದೆಲ್ಲ ಬೇರೆಯವರ ಆಲ್ಬಮ್ಮಿನಲ್ಲಿ. ಒಂದಾದರೂ ನನ್ನದು ಅನ್ನುವಂಥದ್ದು ಬೇಕೆಂಬ ಆಸೆ ಹತ್ತಿಕೊಂಡಿತು. ಭೂಮಿ ಹುಣ್ಣಿಮೆ ಹತ್ತಿರ ಬಂದಿತ್ತು. ನನಗೆ ತಟ್ಟನೆ ನೆನಪಾದವಳು ಸವಿತಾ.

ಸವಿತಾಳ ಮದುವೆಯ ಫೋಟೋ ತೆಗೆದವಳು ನಾನೇ. ಆನಂದಪುರದಿಂದ ಒಳಗೆ ಹೋದರೆ ಅವಳ ಗಂಡ ಚಂದ್ರಪ್ಪನ ಊರು. ಒಂದು ದೊಡ್ಡ ಬಯಲು, ಅದರ ಸುತ್ತ ಹತ್ತಾರು ಮನೆ, ಎಲ್ಲರದೂ ಭತ್ತದ ಗದ್ದೆ. ಚಂದ್ರಪ್ಪನ ಅಜ್ಜ ಗೇಣಿಗೆ ಮಾಡುತ್ತಿದ್ದ ಗದ್ದೆ ಅವನ ಅಪ್ಪನ ಕಾಲಕ್ಕೆ ಸ್ವಂತದ್ದಾಯಿತಂತೆ. ಆ ಕಡೆಯವರಿಗೆ ಭೂಮಿ ಹುಣ್ಣಿಮೆ ಅಂದರೆ ದೀಪಾವಳಿಗಿಂತ ಹೆಚ್ಚು. ಆ ಹೊತ್ತಿಗೆ ಭತ್ತ ಹೊಡೆ ತುಂಬಿರುತ್ತದೆ. ಗದ್ದೆ ಬಸುರಿ ಎನ್ನುತ್ತಾರೆ. ಬಸುರಿಗೆ ಬಯಕೆ ಊಟ ಬಡಿಸುವ ಹಾಗೆ ಭೂಮಿತಾಯಿಗೂ ಬಡಿಸಬೇಕು. ಅದಕ್ಕಾಗಿ ಎರಡು ಬಿದಿರ ಬುಟ್ಟಿ. ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನಲ್ಲಿ ನಾರಿನ ಕುಂಚ ಅದ್ದಿ, ಮನೆಯ ಹೆಂಗಸರು ಅದರ ಮೇಲೆ ಚಿತ್ತಾರ ಬರೆಯುತ್ತಾರೆ. ಸಣ್ಣ ಬುಟ್ಟಿಯಲ್ಲಿ ಬೆರಕೆ ಸೊಪ್ಪು ಬೇಯಿಸಿ ಮಾಡಿದ ಎಡೆ, ಅಂದರೆ ಚರಗ, ತುಂಬಿಕೊಂಡು ಮನೆಯ ಗಂಡಸು ಬೆಳಕು ಹರಿಯುವ ಮೊದಲೇ ಹೋಗಿ ಗದ್ದೆಗೆಲ್ಲ ಬೀರಿ ಬರಬೇಕು. ಅವನು ಬಂದ ಮೇಲೆ ದೊಡ್ಡ ಬುಟ್ಟಿಯಲ್ಲಿ ಅಡುಗೆ ತುಂಬಿ ತಲೆಯ ಮೇಲೆ ಹೊತ್ತುಕೊಂಡು ಇಡೀ ಮನೆಯವರು ಗದ್ದೆಗೆ ಹೋಗಿ ಪೂಜೆ ಮಾಡಿ ಅಲ್ಲೇ ಉಣ್ಣುತ್ತಾರೆ.

ಸವಿತಾ ಆಗ ತುಂಬಿದ ಬಸುರಿ. ಬಸುರಿ ಗದ್ದೆ, ಅದರ ಅಂಚಿನಲ್ಲಿ ಬಸುರಿ ಹೆಂಡತಿ, ಮುಂದೆ ಚಿತ್ತಾರದ ಬುಟ್ಟಿ ಹೊತ್ತ ಗಂಡ, ಹಿಂದಿನಿಂದ ಎಳೆ ಬಿಸಿಲು. ಚಿತ್ರ ನನ್ನ ತಲೆಯಲ್ಲಿ ಫ್ರೇಮು ಹಾಕಿಸಿಕೊಂಡು ಸಿದ್ಧವಾಗಿತ್ತು. ಅದರ ಕೆಳಗೆ ಏನು ಬರೆಯಬೇಕೆಂದೂ ಯೋಚಿಸಿಬಿಟ್ಟಿದ್ದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಅಂತಾರಲ್ಲ, ಹಾಗೆ. ಹಬ್ಬದ ಹಿಂದಿನ ದಿನ ರಿಪ್ಪನ್‌ಪೇಟೆ ದಾರಿಯಲ್ಲಿ ಸ್ಕೂಟರ್ ಬಿಟ್ಟುಕೊಂಡು ಹೋಗಿ ಸಂಜೆಗೆ ಅವರ ಮನೆ ಮುಟ್ಟಿದೆ.

ಚಂದ್ರಪ್ಪನ ತಾಯಿ ಲಕ್ಷ್ಮಮ್ಮ ದೊಡ್ಡ ಬುಟ್ಟಿಯ ಚಿತ್ತಾರಕ್ಕೆ ಕೊನೆಯ ಎಳೆ ಎಳೆಯುತ್ತ ಕೂತಿದ್ದರು. ಸಸಿಯ ಸಾಲು, ಏಣಿ, ಜೋಡಿ ಎತ್ತು, ಕೈ ಕೈ ಹಿಡಿದ ಗಂಡು ಹೆಣ್ಣು. ಅವರು ಬಹಳ ಮಾತಿನವರಲ್ಲ. ಚಂದ್ರಪ್ಪನ ತಮ್ಮ ರಘು ಮಾತ್ರ ಕಾಲೆಳೆಯುವುದರಲ್ಲಿ ನಿಸ್ಸೀಮ. ‘ಅಕ್ಕ, ಅಣ್ಣನ್ನ ಸ್ವಲ್ಪ ಬೆಳ್ಳಗೆ ಮಾಡ್ಕೊಡಿ, ಮದ್ವೆ ಫೋಟೋದಲ್ಲಿ ಮಾಡಿದ್ರಲ್ಲ ಹಂಗೆ’ ಅಂದ. ಚಂದ್ರಪ್ಪ ನಾಚಿಕೊಂಡು ಹೊರಗೆ ಹೋದ. ಅವನು ಮೊದಲಿನಿಂದಲೂ ಕ್ಯಾಮೆರಾ ಕಂಡರೆ ಮುದುಡಿಕೊಳ್ಳುವ ಪೈಕಿ. ಮದುವೆಯ ದಿನ ಅವನನ್ನು ನಗಿಸಲು ನಾನು ಪಟ್ಟ ಪಾಡು ನನಗೇ ಗೊತ್ತು.

ಆ ಮನೆಯಲ್ಲಿ ಹೆಂಗಸರು ಮಲಗಲೇ ಇಲ್ಲ. ಕಡುಬು ಬೇಯುವ ಘಮ, ಅಮಟೆಕಾಯಿಯ ಹುಳಿ ವಾಸನೆ, ನಡುನಡುವೆ ನಗು. ನಾನು ಜಗಲಿಯಲ್ಲಿ ಸ್ವಲ್ಪ ಕಣ್ಣು ಮುಚ್ಚಿದೆ. ಎಚ್ಚರಾದಾಗ ಚಂದ್ರಪ್ಪ ಮಿಂದು, ಪಂಚೆ ಉಟ್ಟು, ಹೆಗಲಿಗೆ ಟವೆಲ್ ಹಾಕಿಕೊಂಡು ನಿಂತಿದ್ದ. ಒಂದು ಕೈಯಲ್ಲಿ ಸಣ್ಣ ಬುಟ್ಟಿ, ಇನ್ನೊಂದರಲ್ಲಿ ದೊಂದಿ. ಫೋನು ಗೂಡಿನಲ್ಲೇ ಇತ್ತು. ಮಿಂದು ಶುದ್ಧವಾಗಿ ಚರಗಕ್ಕೆ ಹೋಗುವವನು ಅದನ್ನೆಲ್ಲ ಒಯ್ಯುವುದಿಲ್ಲವಂತೆ. ನಾನೂ ಜೊತೆಗೆ ಬರಲಾ ಎಂದು ಕೇಳಿದೆ. ಲಕ್ಷ್ಮಮ್ಮ ತಲೆ ಅಲ್ಲಾಡಿಸಿದರು. ಚರಗಕ್ಕೆ ಹೋದವನ ಬೆನ್ನು ಹತ್ತಿ ಹೋಗಬಾರದು, ಹಿಂದಿನಿಂದ ಹೆಸರು ಹಿಡಿದು ಕರೆಯಲೂ ಬಾರದು ಎಂಬುದು ಅವರ ಮನೆಯ ನಡಾವಳಿ.

ಅವನು ಇಳಿದು ಹೋದ. ಸ್ವಲ್ಪ ಹೊತ್ತಿಗೆ ಬಯಲಿನ ಆ ತುದಿಯಿಂದ ಈ ತುದಿಯವರೆಗೆ ದೊಂದಿಗಳು ಕಾಣಿಸಿದವು. ಒಂದೊಂದು ಗದ್ದೆಯಿಂದ ಒಂದೊಂದು ಕೂಗು ಎದ್ದಿತು. ‘ಅಚ್ಚಂಬ್ಲಿ, ಹಾಲಂಬ್ಲಿ, ಭೂಮ್ತಾಯಿ ಉಂಡ್ಹೋಗ್ಲಿ!’ ಒಬ್ಬ ಕೂಗಿದರೆ ಇನ್ನೊಬ್ಬ ‘ಹೂ…ಯ್’ ಎಂದು ಓಗೊಡುವುದು, ಅವನಿಗೆ ಮತ್ತೊಬ್ಬ. ಕತ್ತಲಲ್ಲಿ ಯಾರ ಮುಖವೂ ಇಲ್ಲದೆ ಬರೀ ಧ್ವನಿಗಳು ಬಯಲಿನ ತುಂಬ ಓಡಾಡಿದವು. ನನಗೆ ಮೈ ಜುಮ್ಮೆಂದಿತು. ಇದನ್ನು ಫೋಟೋ ತೆಗೆಯಲಾಗುವುದಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು. ಸವಿತಾ ಬಾಗಿಲ ಪಟ್ಟಿಗೆ ಒರಗಿ, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, ‘ಅದು ನಮ್ಮೋರು’ ಎಂದು ಒಂದು ಧ್ವನಿಯನ್ನು ನನಗೆ ತೋರಿಸಿದಳು.

ಬೆಳಕು ಹರಿಯಿತು. ಕೂಗುಗಳು ಒಂದೊಂದಾಗಿ ನಿಂತವು. ಆಚೀಚೆ ಮನೆಯ ಗಂಡಸರು ಖಾಲಿ ಬುಟ್ಟಿ ಹಿಡಿದು ಮರಳಿದರು. ಚಂದ್ರಪ್ಪ ಬರಲಿಲ್ಲ. ಅವರದು ಬಯಲಿನಲ್ಲಿ ಅಲ್ಲೊಂದು ಇಲ್ಲೊಂದು ಚೂರು ಗದ್ದೆ, ಹಂಚಿಹೋಗಿವೆ. ‘ಬತ್ತಾನೆ, ಆಚೆ ಗದ್ದೆಗೂ ಬೀರ್ಕಂಡು ಬರ್ಬೇಕಲ್ಲ’ ಎಂದು ಲಕ್ಷ್ಮಮ್ಮ ಅಂದರು. ಅವರ ಮಾತಿನಲ್ಲಿ ಗಾಬರಿ ಇರಲಿಲ್ಲ. ಗಾಬರಿ ಇದ್ದದ್ದು ನನಗೆ, ಅದೂ ಬಿಸಿಲು ಏರುತ್ತಿದೆಯಲ್ಲ ಎಂದು. ನನಗೆ ಬೇಕಾದ ಎಳೆ ಬೆಳಕು ಕೊಡಪಾನ ಸೋರಿದ ಹಾಗೆ ಸೋರಿಹೋಗುತ್ತಿತ್ತು. ಕೊನೆಗೆ ಪೂಜೆಯ ಹೊತ್ತು ಮೀರುತ್ತದೆ, ಅಣ್ಣ ಅಲ್ಲಿಗೇ ಬಂದು ಸೇರಿಕೊಳ್ಳುತ್ತಾನೆ ಎಂದು ರಘು ದೊಡ್ಡ ಬುಟ್ಟಿಯನ್ನು ತಲೆಗೆ ಏರಿಸಿಕೊಂಡ. ಒಮ್ಮೆ ತಲೆಗೇರಿದ ಬುಟ್ಟಿಯನ್ನು ಪೂಜೆಯ ಗದ್ದೆ ಮುಟ್ಟುವ ತನಕ ನೆಲಕ್ಕೆ ಇಳಿಸುವ ಹಾಗಿಲ್ಲ. ಎಲ್ಲರೂ ಹೊರಟೆವು.

ಈಗ ಕೇಳಿ. ಗದ್ದೆಯಂಚಿನ ಮೇಲೆ ನಾನು ಮುಂದೆ ಓಡಿ, ತಿರುಗಿ ನಿಂತು, ಕ್ಯಾಮೆರಾ ಕಣ್ಣಿಗೆ ಹಿಡಿದೆ. ಗಂಡನ ಬದಲು ಮೈದುನ ಎಂಬುದನ್ನು ಬಿಟ್ಟರೆ ನಾನು ಬಯಸಿದ್ದೆಲ್ಲ ಅಲ್ಲಿತ್ತು. ಹಸಿರು ಪೈರು, ತೆಳುವಾದ ಮಂಜು, ಕೆಂಪು ಬಿಳಿ ಬುಟ್ಟಿ, ಹಿಂದೆ ಸವಿತಾ, ಅವಳ ಹಳದಿ ಸೀರೆಯ ಸೆರಗಿನ ಮೇಲೆ ಬಿಸಿಲು. ಇನ್ನೇನು ಬೆರಳು ಒತ್ತಬೇಕು. ಒತ್ತಲಿಲ್ಲ. ಮದುವೆ ಮನೆಯಲ್ಲಿ ಯಾರೋ ಹಿಂದಿನಿಂದ ನಮ್ಮನ್ನೇ ನೋಡುತ್ತಿದ್ದಾರೆ ಅನ್ನಿಸಿ ತಿರುಗುತ್ತೇವಲ್ಲ, ಹಾಗೆ ತಿರುಗಿದೆ. ಕಣ್ಣಿಗೆ ಹಿಡಿದ ಕ್ಯಾಮೆರಾ ಹಿಡಿದ ಹಾಗೇ ಇತ್ತು. ಅದು ಬಯಲಿನ ಆಚೆ ಮೂಲೆಗೆ ಹೋಗಿ ನಿಂತಿತು.

ಅಲ್ಲಿ ಏನಿತ್ತು? ಏನೂ ಇರಲಿಲ್ಲ. ಒಂದು ಓರೆಯಾದ ಕರೆಂಟು ಕಂಬ. ಹಂದಿ ಹೆದರಿಸಲು ಕೋಲಿಗೆ ಕಟ್ಟಿದ ಒಂದು ಗೊಬ್ಬರದ ಚೀಲ. ಸುತ್ತ ಎಲ್ಲ ಕಡೆ ಇರುವಂಥದ್ದೇ ಪೈರು. ಹೊಸದಾಗಿ ಕಲಿಯುವವರು ಇಂಥ ಚಿತ್ರ ತೆಗೆದು ತಂದರೆ, ಕಂಬ ಬಿಟ್ಟು ತೆಗಿ ಮಾರಾಯ ಎಂದು ಬೈಯುವವಳು ನಾನು. ಆದರೆ ಅದೇ ಚಿತ್ರ, ಅದನ್ನೇ ತೆಗೆಯಬೇಕು ಎಂದು ಅಷ್ಟು ಗಟ್ಟಿಯಾಗಿ ಅನ್ನಿಸಿತು. ಧ್ವನಿ ಕೇಳಿಸಿತು, ಬೆಳಕು ಕಾಣಿಸಿತು ಎಂದೆಲ್ಲ ಹೇಳಿದರೆ ಸುಳ್ಳಾಗುತ್ತದೆ. ಭಯವೂ ಆಗಲಿಲ್ಲ. ಒಳ್ಳೆಯ ಚಿತ್ರ ಸಿಕ್ಕಾಗ ಎದೆಯಲ್ಲಿ ಒಂದು ಸಣ್ಣ ಬಿಗಿತ ಬರುತ್ತದೆ, ಈ ಕಸುಬಿನವರಿಗೆಲ್ಲ ಅದು ಗೊತ್ತು. ಅದು ಬಂತು, ಅಷ್ಟೇ. ಒಂದರ ಮೇಲೊಂದು ತೆಗೆದೆ.

‘ಬುಟ್ಟಿ ಇಲ್ಲೈತಲ್ಲ ಅಕ್ಕಾ, ಅಲ್ಲೆಂತ ತೆಗಿತೀರಿ?’ ಎಂದು ಸವಿತಾ ನಕ್ಕಳು. ಕಂಬಕ್ಕೆ ಮದುವೆ ಗೊತ್ತಾಗಿರಬೇಕು ಎಂದು ರಘು ಬುಟ್ಟಿಯಡಿಯಿಂದಲೇ ಸೇರಿಸಿದ. ಎಲ್ಲರೂ ನಕ್ಕರು, ನಾನೂ ನಕ್ಕೆ. ನಗುತ್ತಲೇ ಅತ್ತ ನಡೆಯತೊಡಗಿದೆ. ಇಲ್ಲಿಂದ ಬೇಡ, ಹತ್ತಿರದಿಂದ ತೆಗೆಯಬೇಕು ಅನ್ನಿಸಿತ್ತು. ಅಂಚು ಜಾರುತ್ತಿತ್ತು. ಪ್ಯಾಂಟು ಮೊಣಕಾಲಿನವರೆಗೆ ಒದ್ದೆಯಾಯಿತು. ಇಷ್ಟು ದೂರದಿಂದ ಬಂದು, ಬೇಕಾದ ಬೆಳಕನ್ನು ಬಿಟ್ಟು, ಗೊಬ್ಬರದ ಚೀಲದ ಫೋಟೋ ತೆಗೆಯಲು ಹೊರಟಿದ್ದೀಯಲ್ಲೇ ಎಂದು ನನ್ನನ್ನು ನಾನೇ ಬೈದುಕೊಂಡೆ. ಬೈದುಕೊಂಡರೂ ಕಾಲು ನಿಲ್ಲಲಿಲ್ಲ.

ಕಂಬದ ಹತ್ತಿರ ಹೋಗಿ ಮತ್ತೆ ಕ್ಯಾಮೆರಾ ಎತ್ತಿದೆ. ಅಂಚಿನ ಆಚೆ ಗದ್ದೆ ಒಂದು ಆಳಿನಷ್ಟು ತಗ್ಗು. ಲೆನ್ಸಿನಲ್ಲಿ ಮೊದಲು ಕಂಡದ್ದು ಆರಿದ ದೊಂದಿ. ಆಮೇಲೆ ಮಗುಚಿದ ಸಣ್ಣ ಬುಟ್ಟಿ. ಅದರ ಪಕ್ಕದಲ್ಲಿ, ಪೈರಿನ ನಡುವೆ, ಒಂದು ಕಾಲು.

ಚಂದ್ರಪ್ಪ ಅಂಗಾತ ಬಿದ್ದಿದ್ದ. ಮೀನಖಂಡದ ಮೇಲೆ ಟವೆಲ್ ಬಿಗಿದಿತ್ತು, ಪಾದ ಊದಿ ಕಪ್ಪಾಗಿತ್ತು. ಕಣ್ಣು ತೆರೆದೇ ಇತ್ತು. ನನ್ನನ್ನು ನೋಡಿ ತುಟಿ ಅಲ್ಲಾಡಿಸಿದ, ದನಿ ಹೊರಡಲಿಲ್ಲ. ಅಂಚಿನ ಮೇಲೆ ಕೊಳಕುಮಂಡಲ ಕಚ್ಚಿದೆ, ಮನೆ ಕಡೆ ಓಡಲು ಹೋಗಿ ತಗ್ಗಿನ ಗದ್ದೆಗೆ ಉರುಳಿ ಸೊಂಟ ಹಿಡಿದುಕೊಂಡಿದೆ ಎಂಬುದೆಲ್ಲ ಆಮೇಲೆ ತಿಳಿದದ್ದು.

ನಾನು ಕಿರುಚಿಕೊಂಡೆ. ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಕಿರುಚಿಕೊಂಡೆ. ಬಯಲಿನ ಆಚೆ ಪೂಜೆಗೆ ಬಂದಿದ್ದವರು ಯಾರೋ ಉಲ್ಲಾಸದಿಂದ ‘ಹೂ…ಯ್’ ಎಂದು ಓಗೊಟ್ಟರು. ಮತ್ತೆ ಕಿರುಚಿದೆ. ಇನ್ನೊಂದು ಕಡೆಯಿಂದ ಇನ್ನೊಂದು ‘ಹೂ…ಯ್’ ಬಂತು. ಆ ಕ್ಷಣದಲ್ಲಿ ಚಂದ್ರಪ್ಪನಿಗೆ ಏನಾಗಿರಬೇಕೆಂದು ನನಗೆ ಹೊಳೆಯಿತು. ನನ್ನನ್ನು ಹೆದರಿಸಿದ್ದು ಆ ಊದಿದ ಕಾಲಲ್ಲ, ಆ ಓಗೊಡುವಿಕೆ. ಅವನೂ ಹೀಗೆಯೇ ಕೂಗಿದ್ದ. ಊರೆಲ್ಲ ಹಬ್ಬದ ಕೂಗೆಂದುಕೊಂಡು ಮರಳಿ ಕೂಗಿತ್ತು.

ಫೋನು ನೆನಪಾಯಿತು. ಪುಣ್ಯಕ್ಕೆ ಸಿಗ್ನಲ್ ಇತ್ತು. ರಘುವಿಗೆ ಮಾಡಿದೆ. ದೂರದಲ್ಲಿ ಅವನು ಒಂದು ಕೈಯಲ್ಲಿ ಬುಟ್ಟಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಜೇಬು ತಡಕಾಡುವುದು ನನಗೆ ಕಾಣುತ್ತಿತ್ತು. ವಿಷಯ ಕೇಳಿದವನು ಅಲ್ಲೇ ಕಂಬದ ಹಾಗೆ ನಿಂತ. ತಲೆಯ ಮೇಲೆ ಬುಟ್ಟಿ. ಪೂಜೆಯ ಗದ್ದೆ ಇನ್ನೂ ದೂರ. ಇಳಿಸುವ ಹಾಗಿಲ್ಲ, ಹೊತ್ತುಕೊಂಡು ಓಡುವ ಹಾಗಿಲ್ಲ. ಆಗ ಲಕ್ಷ್ಮಮ್ಮ ಅಂದ ಮಾತು ಫೋನಿನಲ್ಲಿ ನನಗೆ ಸ್ಪಷ್ಟವಾಗಿ ಕೇಳಿಸಿತು.

‘ಇಳ್ಸೋ ಕೆಳಗೆ. ಭೂಮ್ತಾಯಿ ಆ ಗದ್ದೇಲಿ ಮಾತ್ರ ಇದಾಳಾ? ಇಲ್ಲೇ ಉಣ್ಲಿ ಅವ್ಳು. ನೀ ಓಡು.’

ಬುಟ್ಟಿ ಕೊಚ್ಚೆಯ ದಾರಿಯ ನಡುವೆ ಇಳಿಯಿತು. ರಘು ಓಡಿ ಬಂದ. ಅವನನ್ನು ನೋಡಿ ಆಚೀಚೆ ಗದ್ದೆಯವರೂ ಓಡಿ ಬಂದರು. ಹೊತ್ತು ತಂದು ಪಕ್ಕದ ಮನೆಯವರ ಓಮ್ನಿ ವ್ಯಾನಿಗೆ ಹಾಕಿಕೊಂಡು ಸಾಗರದ ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ನಾನು ಅವನ ತಲೆ ಹಿಡಿದುಕೊಂಡು ಕೂತಿದ್ದೆ. ಸವಿತಾ ಬರುತ್ತೇನೆಂದು ಹಟ ಮಾಡಿದಳು, ಲಕ್ಷ್ಮಮ್ಮ ಬಿಡಲಿಲ್ಲ. ಅವಳು ಅಂಗಳದಲ್ಲಿ ಕೂತು ನಮ್ಮ ಗಾಡಿ ಹೋದ ದಿಕ್ಕನ್ನೇ ನೋಡುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ದೇವರನ್ನು ಅಷ್ಟಾಗಿ ಹಚ್ಚಿಕೊಳ್ಳದ ನಾನು ಆ ದಾರಿಯಲ್ಲಿ ಯಾರು ಯಾರಿಗೋ ಕೈಮುಗಿದೆ.

ಚುಚ್ಚುಮದ್ದು ಸಿಕ್ಕಿತು. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದರು. ಕೆಲವು ದಿನ ಮೂತ್ರಪಿಂಡದ ಚಿಂತೆ ಕಾಡಿತು. ಆಮೇಲೆ ಅದೂ ಸರಿಯಾಯಿತು. ಚಂದ್ರಪ್ಪ ಎದ್ದು ಕೂತು ಗಂಜಿ ಕುಡಿದ ದಿನ ನಾನು ನೋಡಲು ಹೋಗಿದ್ದೆ. ‘ಕೂಗಿ ಕೂಗಿ ಗಂಟ್ಲು ಹೋತು ಅಕ್ಕ. ನಾ ಕೂಗ್ದಾಗೆಲ್ಲ ಅವ್ರು ತಿರುಗಿ ಕೂಗೋರು. ಹಬ್ಬ ಜೋರಾಗೈತೆ ಅಂತ ಅವ್ರಿಗೆ ಖುಷಿ’ ಎಂದ. ಹೇಳುವಾಗ ಅವನಿಗೇ ನಗು ಬಂತು. ಮದುವೆಯ ದಿನ ಎಷ್ಟು ಗೋಗರೆದರೂ ಬಾರದ ನಗು ಅದು. ಪಕ್ಕದ ಗದ್ದೆಯ ತೀರ್ಥಪ್ಪ ಅಲ್ಲೇ ನಿಂತಿದ್ದ. ‘ಅವ ಕೂಗಿದ್ದು ನಂಗೆ ಕೇಳ್ತು. ಈ ಸಲ ಚಂದ್ರಪ್ಪಂಗೆ ಎಂಥ ಹುರುಪು ಮಾರಾಯ ಅಂದ್ಕಂಡು ನಾನೂ ಜೋರಾಗಿ ಕೂಗ್ದೆ’ ಎನ್ನುತ್ತ ಆ ದೊಡ್ಡ ಆಳು ಗೋಡೆ ಕಡೆ ತಿರುಗಿ ಅತ್ತುಬಿಟ್ಟ.

ಇಷ್ಟೇ ಆಗಿದ್ದರೆ ಪುಣ್ಯ ಮಾಡಿದ್ದೆ ಎಂದುಕೊಂಡು ಸುಮ್ಮನಿರುತ್ತಿದ್ದೆ. ಆದರೆ ನನ್ನ ಸ್ವಭಾವ ಸುಮ್ಮನಿರುವಂಥದ್ದಲ್ಲ. ಆ ದಿನವೇ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಕ್ಯಾಮೆರಾದಲ್ಲಿ ಆ ಚಿತ್ರಗಳನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಕಂಬ, ಚೀಲ, ಪೈರು. ಬುಟ್ಟಿ ಇಲ್ಲ, ದೊಂದಿಯ ಹೊಗೆ ಇಲ್ಲ, ಪೈರು ಬಾಗಿದ ಗುರುತಿಲ್ಲ. ಸ್ಟುಡಿಯೋದ ದೊಡ್ಡ ಪರದೆಯಲ್ಲಿ ನೋಡಿದೆ. ಅಲ್ಲೂ ಇಲ್ಲ. ಆಮೇಲೆ ಒಂದು ದಿನ ರಘುವನ್ನು ಅವನ ಅಣ್ಣ ಬಿದ್ದಿದ್ದ ತಗ್ಗಿನಲ್ಲಿ ಮಲಗಿಸಿ, ನಾನು ಮೊದಲು ನಿಂತಿದ್ದ ಜಾಗದಲ್ಲೇ ನಿಂತು, ಅದೇ ಲೆನ್ಸಿನಲ್ಲಿ ನೋಡಿದೆ. ‘ನಾ ಇಲ್ಲಿ ಸತ್ರೆ ಕಂಬಕ್ಕೆ ಹಾರ ಹಾಕಿ ಅಕ್ಕ’ ಎಂದು ಅವನು ಫೋನಿನಲ್ಲಿ ತಮಾಷೆ ಮಾಡುತ್ತಿದ್ದ. ಅವನು ಕೈ ಎತ್ತಿ ಬೀಸಿದರೂ ನನಗೆ ಕಾಣಲಿಲ್ಲ. ನಡುವೆ ಅಂಚು ಅಡ್ಡ ಬರುತ್ತದೆ. ಅಲ್ಲಿಂದ ಯಾರಿಗೂ ಕಾಣಲು ಸಾಧ್ಯವಿಲ್ಲ.

ತೀರ್ಥಹಳ್ಳಿಯ ಪ್ರದರ್ಶನದಲ್ಲಿ ನನ್ನ ಗೆಳೆಯರೊಬ್ಬರು ಸಿಕ್ಕರು. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು, ಬಿಡುವಿನಲ್ಲಿ ಹಕ್ಕಿ ಫೋಟೋ ತೆಗೆಯುತ್ತಾರೆ. ಎಲ್ಲವನ್ನೂ ಹೇಳಿದೆ. ಅವರು ಸಾವಧಾನವಾಗಿ ಕೇಳಿ, ನಿಮ್ಮ ಕಿವಿ ಅಷ್ಟು ಕೂಗುಗಳಲ್ಲಿ ಒಂದು ಬೇರೆಯಾಗಿದ್ದನ್ನು ಗುರುತಿಸಿದೆ, ನಿಮಗೆ ಮಾತ್ರ ಅದು ತಿಳಿದಿಲ್ಲ, ಮಿದುಳು ಅದನ್ನು ಇಟ್ಟುಕೊಂಡು ಬೆಳಕಾದ ಮೇಲೆ ಕಣ್ಣನ್ನು ಆ ಕಡೆ ತಿರುಗಿಸಿದೆ ಎಂದರು. ಇಲ್ಲವೆಂದರೆ ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಗಿದೆ ಎಂದರು. ನನಗೆ ಎಷ್ಟೋ ಸಮಾಧಾನವಾಯಿತು. ಮನೆಗೆ ಬರುವ ದಾರಿಯಲ್ಲಿ ಮತ್ತೆ ಅನುಮಾನ ಹತ್ತಿತು. ನಾನು ಕೂತಿದ್ದ ಜಗಲಿಯಿಂದ ಆ ಮೂಲೆ ಬಹಳ ದೂರ. ಸವಿತಾ ತೋರಿಸಿಕೊಟ್ಟ ಮೇಲೂ ನನಗೆ ಅವನ ಧ್ವನಿ ಯಾವುದೆಂದು ಸರಿಯಾಗಿ ತಿಳಿದಿರಲಿಲ್ಲ. ಗಂಡನ ದನಿಯನ್ನು ಬಲ್ಲ ಹೆಂಡತಿಗೆ ತಿಳಿಯದ್ದು, ಹೆತ್ತ ತಾಯಿಗೆ ತಿಳಿಯದ್ದು, ಅಪರೂಪಕ್ಕೆ ಬರುವ ನನಗೆ ಹೇಗೆ ತಿಳಿಯಿತು?

ಲಕ್ಷ್ಮಮ್ಮನಿಗೆ ಇದರಲ್ಲಿ ಗೊಂದಲವೇ ಇಲ್ಲ. ಬಾಣಂತಿಯನ್ನೂ ಮಗುವನ್ನೂ ನೋಡಲು ಹೋದಾಗ ಕೇಳಿದ್ದಕ್ಕೆ, ‘ಬಸುರಿ ಹೆಂಗ್ಸು ನಂಗೆ ಇಂಥದ್ ಬೇಕು ಅಂತ ಬಾಯ್ಬಿಟ್ಟು ಹೇಳ್ತಾಳಾ? ಎದುರಿಗಿದ್ದೋರಿಗೆ ಗೊತ್ತಾಗ್ಬೇಕು. ನಿಂಗೆ ಗೊತ್ತಾತು’ ಅಂದರು. ಅಂದರೆ ಅವರ ಪ್ರಕಾರ ಅವತ್ತು ಭೂಮಿತಾಯಿ ಕೇಳಿದ್ದು ಊಟವನ್ನಲ್ಲ, ಅವರ ಮಗನನ್ನು ಎತ್ತಿಕೊಳ್ಳಿ ಎಂದು. ಮಾತು ಚೆನ್ನಾಗಿದೆ. ಆದರೆ ಭೂಮಿತಾಯಿಗೆ ಹೇಳುವುದೇ ಇದ್ದರೆ ತನ್ನನ್ನು ನಂಬುವವರು ಅಷ್ಟು ಜನ ಇದ್ದರಲ್ಲ, ಅವರಲ್ಲಿ ಒಬ್ಬರಿಗೆ ಹೇಳದೆ ನನಗೇಕೆ ಹೇಳಬೇಕಿತ್ತು? ಇದನ್ನು ಅವರ ಹತ್ತಿರ ಕೇಳಲು ಬಾಯಿ ಬರಲಿಲ್ಲ. ಮಡಿಲಲ್ಲಿ ಮೊಮ್ಮಗಳು ಮಲಗಿದ್ದಳು.

ಪ್ರದರ್ಶನಕ್ಕೆ ನಾನು ಏನನ್ನೂ ಕೊಡಲಿಲ್ಲ. ಬುಟ್ಟಿಯ ಚಿತ್ರ ನನ್ನ ಬಳಿ ಇರಲಿಲ್ಲ, ಕಂಬದ ಚಿತ್ರ ಯಾರಿಗೆ ಬೇಕು. ಆದರೆ ಅಂದಿನಿಂದ ನನ್ನ ಕೆಲಸದಲ್ಲಿ ಒಂದು ಬದಲಾವಣೆ ಆಗಿದೆ. ತಾಳಿ ಕಟ್ಟುವ ಹೊತ್ತಿನಲ್ಲೂ ಕ್ಯಾಮೆರಾ ಬೇರೆಲ್ಲಿಗೋ ಎಳೆದರೆ ನಾನು ಅದರ ಜೊತೆ ಜಗಳವಾಡುವುದಿಲ್ಲ. ಒಂದು ಚಿತ್ರ ತೆಗೆದು, ಆಮೇಲೆ ಹೋಗಿ ನೋಡಿ ಬರುತ್ತೇನೆ. ಹೆಚ್ಚಿನ ಸಲ ಒಂದು ಖಾಲಿ ಕುರ್ಚಿಯೋ, ಒಣಗಲು ಹಾಕಿದ ಟವೆಲ್ಲೋ ಇರುತ್ತದೆ. ಒಮ್ಮೆ ಒಂದು ಮುದುಕಿ ಕಂಬದ ಮರೆಯಲ್ಲಿ ಕೂತು ಮೊಮ್ಮಗಳ ಧಾರೆಯನ್ನು ಒಬ್ಬಳೇ ನೋಡುತ್ತಿದ್ದಳು, ಅವಳನ್ನು ಮುಂದೆ ಕರೆತಂದು ಕೂರಿಸಿದೆ. ಇದರಲ್ಲಿ ವಿಚಿತ್ರವೇನೂ ಇಲ್ಲ. ಮೊದಲೇ ಹೀಗೆ ಮಾಡಬಹುದಾಗಿತ್ತು.

ಮರುವರ್ಷದ ಭೂಮಿ ಹುಣ್ಣಿಮೆಗೆ ಮತ್ತೆ ಹೋದೆ. ಚಂದ್ರಪ್ಪನೇ ಚರಗಕ್ಕೆ ಹೊರಟ. ಬೇಡವೆಂದು ಯಾರೂ ಅನ್ನಲಿಲ್ಲ. ಬೂಟು ಹಾಕಿಸಿ, ಟಾರ್ಚು ಕೊಟ್ಟು ಕಳಿಸಿದರು. ಸವಿತಾ ಮಗುವನ್ನು ಎತ್ತಿಕೊಂಡು ಅಂಗಳದ ತುದಿಯಲ್ಲಿ ನಿಂತಳು, ಪಕ್ಕದಲ್ಲಿ ನಾನು. ಕತ್ತಲಲ್ಲಿ ಕೂಗು ಎದ್ದಿತು. ಆ ಬಯಲಿನಲ್ಲಿ ಈಗ ಒಂದು ಹೊಸ ಪದ್ಧತಿ ಬಂದಿದೆ, ಯಾರೂ ಸಭೆ ಸೇರಿಸಿ ತೀರ್ಮಾನಿಸಿದ್ದಲ್ಲ. ಚರಗದ ಕೂಗು ಮುಗಿದ ಕೂಡಲೇ ಪಕ್ಕದ ಗದ್ದೆಯವನ ಹೆಸರು ಹಿಡಿದು ಕರೆಯುತ್ತಾರೆ. ಅವನು ‘ಓ’ ಅಂದ ಮೇಲೆಯೇ ಮುಂದಿನ ಗದ್ದೆಗೆ ಕಾಲಿಡುತ್ತಾರೆ. ಹೆಸರು ಹಿಡಿದು ಕರೆಯಬಾರದೆಂದಿದ್ದ ಲಕ್ಷ್ಮಮ್ಮ ಬಾಗಿಲಲ್ಲಿ ನಿಂತು ಸುಮ್ಮನೆ ಕೇಳುತ್ತಿದ್ದರು.

ತೀರ್ಥಪ್ಪನ ಕೂಗು ಬಂತು. ಅದರ ಬೆನ್ನಿಗೇ ‘ಚಂದ್ರಪ್ಪಾ…’ ಎಂಬ ಕರೆ. ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಸವಿತಾ ನನ್ನ ತೋಳನ್ನು ಉಗುರು ಊರುವಷ್ಟು ಗಟ್ಟಿಯಾಗಿ ಹಿಡಿದಳು. ಆಮೇಲೆ ದೂರದಿಂದ ಉದ್ದಕ್ಕೆ ‘ಓ…’ ಎಂದು ಬಂತು. ಅವಳು ನನ್ನ ತೋಳು ಬಿಟ್ಟಳು. ಮಗು ಎಚ್ಚರಗೊಂಡು ಅತ್ತಿತು.

ಆ ವರ್ಷ ಚಂದ್ರಪ್ಪ ಯಾರಿಗೂ ಹೇಳದೆ ದಾರಿ ಬದಲಿಸಿ, ಕಂಬದ ಮೂಲೆಗೆ ಎದುರು ದಿಕ್ಕಿನ ಕೆರೆ ಕಡೆಯ ಗದ್ದೆಯಿಂದ ಶುರು ಮಾಡಿದ್ದನಂತೆ. ನಾವೆಲ್ಲ ಕಂಬದ ಮೂಲೆಯನ್ನೇ ನೋಡುತ್ತ ನಿಂತಿದ್ದೆವು ಎಂದು ನಾನು ತಿಳಿದಿದ್ದೆ. ಬೆಳಗಾದ ಮೇಲೆ ಕಾಫಿ ಕೊಡುವಾಗ ಸವಿತಾ, ‘ನೀವ್ಯಾಕಕ್ಕ ಮೊದ್ಲಿಂದನೂ ಕೆರೆ ಕಡಿಗೇ ಮುಖ ಮಾಡ್ಕಂಡು ನಿಂತಿದ್ರಿ?’ ಎಂದು ಕೇಳಿದಳು. ನಾನು ಹಾಗೆ ನಿಂತಿದ್ದೆ ಎಂಬುದೇ ನನಗೆ ಗೊತ್ತಿರಲಿಲ್ಲ.